ಕೂಗದ ಕುಕ್ಕರ್‌ಗೆ ಹೆದರಿ: ಪ್ರೆಷರ್ ಕುಕ್ಕರ್ ಬಳಸುವ ಸರಿಯಾದ ಕ್ರಮ

ಕುಕ್ಕರ್ ಜೋರಾಗಿ ಕೂಗಿದಾಗ ಮಕ್ಕಳು ಬೆಚ್ಚುತ್ತಾರೆ, ಅಡುಗೆಗೆ ಹೊಸಬರು ಎರಡು ಹೆಜ್ಜೆ ಹಿಂದಕ್ಕೆ ಸರಿಯುತ್ತಾರೆ. ಆದರೆ ಕೂಗುತ್ತಿದೆ ಎಂದರೆ ಒಳಗಿನ ಆವಿಗೆ ದಾರಿ ತೆರೆದಿದೆ, ಮುಚ್ಚಳದ ಮೇಲೆ ಕೂರುವ ಭಾರದ ಗುಂಡು, ಅಂದರೆ ವೆಯ್ಟ್, ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಹೆದರಬೇಕಾದದ್ದು ಒಲೆ ಹೊತ್ತಿಸಿ ಕಾಲು ಗಂಟೆಯಾದರೂ ಸದ್ದಿಲ್ಲದೆ ಕೂತಿರುವ ಕುಕ್ಕರ್‌ಗೆ. ಕುಕ್ಕರಿನ ಈ ಸದ್ದನ್ನು ಉತ್ತರ ಕರ್ನಾಟಕದಲ್ಲಿ ಸೀಟಿ ಅನ್ನುತ್ತಾರೆ, ಹಳೇ ಮೈಸೂರು ಕಡೆ ಕೂಗು, ಪೇಟೆಯ ಮನೆಗಳಲ್ಲಿ ವಿಷಲ್. ಇಲ್ಲಿ ಕೂಗು ಎಂದೇ ಬರೆದಿದೆ.

ಒಳಗೆ ಏನು ನಡೆಯುತ್ತದೆ

ತೆರೆದ ಪಾತ್ರೆಯಲ್ಲಿ ನೀರು ಮಂಗಳೂರಿನಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ಕ್ಕೇ ಕುದಿ ಬರುತ್ತದೆ, ಮಡಿಕೇರಿಯಲ್ಲಿ ಇನ್ನೊಂದು ಡಿಗ್ರಿ ಕಡಿಮೆ. ಆಮೇಲೆ ಎಷ್ಟು ಉರಿ ಕೊಟ್ಟರೂ ನೀರು ಇನ್ನಷ್ಟು ಬಿಸಿಯಾಗುವುದಿಲ್ಲ, ಆವಿಯಾಗಿ ಹೋಗುತ್ತದಷ್ಟೆ. ಕುಕ್ಕರ್ ಆ ಆವಿಯನ್ನು ಹಿಡಿದಿಡುತ್ತದೆ. ಮನೆಬಳಕೆಯ ಸಾಮಾನ್ಯ ಕುಕ್ಕರ್‌ನಲ್ಲಿ ಹೊರಗಿನ ಗಾಳಿಯ ಒತ್ತಡಕ್ಕಿಂತ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋದಷ್ಟು ಹೆಚ್ಚು ಒತ್ತಡ ಏಳುತ್ತದೆ. ಆಗ ನೀರು ಕುದಿಯುವುದು 118ರಿಂದ 120 ಡಿಗ್ರಿಯಲ್ಲಿ. ಈ ಇಪ್ಪತ್ತು ಚಿಲ್ಲರೆ ಡಿಗ್ರಿಯೇ ಬೇಳೆಯನ್ನು ಹತ್ತು ನಿಮಿಷಕ್ಕೆ ಬೇಯಿಸುತ್ತದೆ.

ಚದರ ಸೆಂಟಿಮೀಟರಿಗೆ ಒಂದು ಕಿಲೋ ಎಂದರೆ ಕೇಳುವುದಕ್ಕೆ ಸಣ್ಣದು. ಮುಚ್ಚಳದ ಅಡ್ಡಳತೆ 20 ಸೆಂಟಿಮೀಟರ್ ಇದ್ದರೆ ಅದರ ವಿಸ್ತೀರ್ಣ ಸುಮಾರು 314 ಚದರ ಸೆಂಟಿಮೀಟರ್. ಅಂದರೆ ಮುಚ್ಚಳವನ್ನು ಒಳಗಿನಿಂದ ಮೇಲಕ್ಕೆ ತಳ್ಳುತ್ತಿರುವುದು 300 ಕಿಲೋಗೂ ಮಿಕ್ಕಿದ ಬಲ, ಆರು ಮೂಟೆ ಸಿಮೆಂಟಿನ ಭಾರ. ಬಲವಂತವಾಗಿ ಮುಚ್ಚಳ ತಿರುಗಿಸುವ ಕೈಗಳು ಎದುರಿಸುವುದು ಇದನ್ನು.

ಇನ್ನೊಂದು ಲೆಕ್ಕವೂ ಗೊತ್ತಿರಲಿ. ಒತ್ತಡ ಇದ್ದಾಗಲೇ ಮುಚ್ಚಳ ತೆಗೆದರೆ 120 ಡಿಗ್ರಿಯ ನೀರಿಗೆ ಆ ಬಿಸಿಯಲ್ಲಿ ನೀರಾಗಿ ಉಳಿಯಲು ಸಾಧ್ಯವಿಲ್ಲ. ಪ್ರತಿ ಲೀಟರಿನಲ್ಲಿ ಸುಮಾರು 40 ಗ್ರಾಂ ನೀರು ಆ ಕ್ಷಣವೇ ಆವಿಯಾಗುತ್ತದೆ. 40 ಗ್ರಾಂ ನೀರಿನ ಆವಿ ಎಂದರೆ ಸುಮಾರು 70 ಲೀಟರ್! ಅದು ಬೇಳೆಯ ನಡುವಿನಿಂದಲೇ ಹುಟ್ಟುವುದರಿಂದ ಇಡೀ ಬೇಳೆಯನ್ನು ಹೊತ್ತುಕೊಂಡು ಮೇಲೇಳುತ್ತದೆ. ಅಡುಗೆಮನೆಯ ಸೂರಿಗೆ ಸಾಂಬಾರು ಮೆತ್ತಿಕೊಳ್ಳುವುದು ಹೀಗೆ. ಬೇಳೆ ಗಂಜಿ ಮೈಗೆ ಅಂಟಿಕೊಳ್ಳುವುದರಿಂದ ಬಿಸಿನೀರಿಗಿಂತ ಆಳವಾಗಿ ಸುಡುತ್ತದೆ.

ಮುಚ್ಚಳದ ಮೇಲಿರುವ ಮೂರು ಕಾವಲು

ಮೊದಲನೆಯದು ವೆಯ್ಟ್ ಮತ್ತು ಅದು ಕೂರುವ ಕೊಳವೆ. ಕೊಳವೆಯ ರಂಧ್ರದ ಅಗಲಕ್ಕೂ ವೆಯ್ಟಿನ ತೂಕಕ್ಕೂ ನಂಟಿದೆ. ರಂಧ್ರ 3 ಮಿಲಿಮೀಟರ್ ಇದ್ದರೆ ಒಂದು ಕಿಲೋ ಒತ್ತಡವನ್ನು ತಡೆಯಲು ಸುಮಾರು 70 ಗ್ರಾಂ ತೂಕ ಸಾಕು. ಒತ್ತಡ ಅದಕ್ಕಿಂತ ಏರಿದರೆ ವೆಯ್ಟ್ ಎದ್ದು ಆವಿ ಬಿಟ್ಟು ಮತ್ತೆ ಕೂರುತ್ತದೆ. ಆದ್ದರಿಂದ ಒಂದು ಕುಕ್ಕರಿನ ವೆಯ್ಟ್ ಇನ್ನೊಂದಕ್ಕೆ ಕೂರುತ್ತದೆ ಎಂದ ಮಾತ್ರಕ್ಕೆ ಹಾಕಬಾರದು. ನೋಡಲು ಒಂದೇ ತರಹ ಇದ್ದರೂ ಲೆಕ್ಕ ತಪ್ಪುತ್ತದೆ.

ಎರಡನೆಯದು ಸೇಫ್ಟಿ ವಾಲ್ವ್. ಹೆಚ್ಚಿನ ಕುಕ್ಕರ್‌ಗಳಲ್ಲಿ ಇದರ ನಡುವೆ ಬೇಗ ಕರಗುವ ಮಿಶ್ರಲೋಹ ತುಂಬಿರುತ್ತದೆ. ಕೊಳವೆ ಕಟ್ಟಿ ಒತ್ತಡದ ಜೊತೆಗೆ ಶಾಖವೂ ಏರಿದಾಗ, ಇಲ್ಲವೇ ನೀರೆಲ್ಲ ಆರಿ ಕುಕ್ಕರ್ ಒಣಗಿ ಕಾದಾಗ ಆ ಲೋಹ ಕರಗಿ ಆವಿಗೆ ದಾರಿ ಬಿಡುತ್ತದೆ. ಒಮ್ಮೆ ಕರಗಿದರೆ ಅದರ ಆಯುಸ್ಸು ಮುಗಿಯಿತು, ಹೊಸದೇ ಹಾಕಬೇಕು.

ಮೂರನೆಯದು ಹಲವರ ಕಣ್ಣಿಗೇ ಬಿದ್ದಿರುವುದಿಲ್ಲ. ಹೊರಮುಚ್ಚಳದ ಎಷ್ಟೋ ಕುಕ್ಕರ್‌ಗಳ ಮುಚ್ಚಳದ ಅಂಚಿನಲ್ಲಿ ಒಂದು ಉದ್ದನೆಯ ಸೀಳು, ಸಣ್ಣ ಕಿಟಕಿಯಂತೆ, ಇರುತ್ತದೆ. ಮೊದಲ ಎರಡೂ ಕೈಕೊಟ್ಟರೆ ರಬ್ಬರ್ ಗ್ಯಾಸ್ಕೆಟ್ ಆ ಕಿಟಕಿಯಿಂದ ಹೊರಕ್ಕೆ ಉಬ್ಬಿ ಆವಿಯನ್ನು ಬಿಡುತ್ತದೆ. ಇವತ್ತೇ ನಿಮ್ಮ ಕುಕ್ಕರ್‌ನಲ್ಲಿ ಅದು ಎಲ್ಲಿದೆ ನೋಡಿಕೊಳ್ಳಿ. ಒಲೆಯ ಮೇಲಿಡುವಾಗ ಆ ಭಾಗ ಗೋಡೆ ಕಡೆಗಿರಲಿ, ನಿಂತವರ ಹೊಟ್ಟೆಯ ಕಡೆಗಲ್ಲ.

ಒಳಮುಚ್ಚಳದ ಕುಕ್ಕರಿನ ಕಥೆ ಸ್ವಲ್ಪ ಬೇರೆ. ಅದರ ಮುಚ್ಚಳವನ್ನು ಓರೆ ಮಾಡಿ ಒಳಗಿಳಿಸಿ ಕೆಳಗಿನಿಂದ ಬಾಯಂಚಿಗೆ ಒತ್ತಿ ಕೂರಿಸುತ್ತೇವೆ. ಒಳಗಿನ ಒತ್ತಡ ಹೆಚ್ಚಿದಷ್ಟೂ ಮುಚ್ಚಳ ಬಿಗಿಯಾಗುತ್ತದೆ, ಒತ್ತಡ ಇಳಿಯುವ ತನಕ ಒಳಕ್ಕೆ ಇಳಿಯುವುದೇ ಇಲ್ಲ. ಆತುರಗಾರರಿರುವ ಮನೆಗೆ ಇದೇ ವಾಸಿ. ಆದರೆ ಕೊಳವೆ ಕಟ್ಟುವ ಅಪಾಯ ಎರಡಕ್ಕೂ ಸಮಾನ.

ಒಲೆ ಹಚ್ಚುವ ಮುನ್ನ ಅರ್ಧ ನಿಮಿಷ

ವೆಯ್ಟ್ ತೆಗೆದು ಮುಚ್ಚಳವನ್ನು ಬೆಳಕಿಗೆ ಹಿಡಿಯಿರಿ. ಕೊಳವೆಯ ರಂಧ್ರದಲ್ಲಿ ಬೆಳಕು ದುಂಡಗೆ, ಪೂರ್ತಿಯಾಗಿ ಕಾಣಬೇಕು. ಕಾಣದಿದ್ದರೆ ಊದಿ ನೋಡಿ, ಸೂಜಿಯೋ ಪಿನ್ನೋ ತೂರಿಸಿ ತಿರುಗಿಸಿ, ನಲ್ಲಿಯ ಕೆಳಗೆ ಹಿಡಿದು ತೊಳೆಯಿರಿ. ಬೆಂಕಿಕಡ್ಡಿಯಿಂದ ಚುಚ್ಚಬೇಡಿ, ಒಳಗೇ ಮುರಿದರೆ ಇನ್ನೊಂದು ತೊಂದರೆ. ವೆಯ್ಟಿನ ತಳವನ್ನೂ ನೋಡಿ. ನಿನ್ನೆಯ ಬೇಳೆಯ ನೊರೆ ಅಲ್ಲಿ ಒಣಗಿ ಕಲ್ಲಿನಂತಾಗಿರುತ್ತದೆ. ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಬಿಡುತ್ತದೆ.

ಗ್ಯಾಸ್ಕೆಟ್ಟನ್ನು ಎರಡು ಬೆರಳಲ್ಲಿ ಹಿಡಿದು ಎಳೆಯಿರಿ. ಎಳೆದಷ್ಟು ಹಿಗ್ಗಿ ಮತ್ತೆ ಮೊದಲಿನ ಅಳತೆಗೆ ಬಂದರೆ ಸರಿ. ಬಿರುಕು, ಗಟ್ಟಿತನ, ಸಡಿಲ, ಎಣ್ಣೆ ಕುಡಿದು ಉಬ್ಬಿರುವುದು, ಯಾವುದು ಕಂಡರೂ ಬದಲಿಸಿ. ದಿನವೂ ಎರಡು ಹೊತ್ತು ಕುಕ್ಕರ್ ಇಡುವ ಮನೆಯಲ್ಲಿ ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯ ಲೆಕ್ಕ. ಸಡಿಲವಾದ ಗ್ಯಾಸ್ಕೆಟ್ಟನ್ನು ಹತ್ತು ನಿಮಿಷ ಫ್ರೀಜರಿನಲ್ಲಿಟ್ಟು ಹಾಕಿದರೆ ಅವತ್ತಿನ ಅಡುಗೆ ನಡೆದುಹೋಗುತ್ತದೆ, ನಿಜ. ಆದರೆ ಅದು ಅಂಗಡಿಗೆ ಹೋಗಿಬರುವ ತನಕದ ಉಪಾಯ. ಮುಚ್ಚಳದ ಸುತ್ತ ಗೋಧಿಹಿಟ್ಟು ಮೆತ್ತುವುದು, ಬಟ್ಟೆ ಸುತ್ತುವುದು, ವೆಯ್ಟಿನ ಮೇಲೆ ಏನಾದರೂ ಭಾರ ಹೇರುವುದು ಇವನ್ನು ಒಂದು ದಿನಕ್ಕೂ ಮಾಡಬೇಡಿ.

ಎಷ್ಟು ತುಂಬಬೇಕು

ಹೆಚ್ಚಿನ ತೊಂದರೆಗಳು ಶುರುವಾಗುವುದು ಇಲ್ಲಿ. ಕುಕ್ಕರ್ 5 ಲೀಟರಿನದು ಎಂದರೆ ಅಂಚಿನವರೆಗೆ 5 ಲೀಟರ್ ಹಿಡಿಯುತ್ತದೆ ಎಂದಷ್ಟೇ ಅರ್ಥ. ತರಕಾರಿ, ಮಾಂಸ, ನೀರು ಎಲ್ಲ ಸೇರಿ ಮೂರನೇ ಎರಡು ಭಾಗ ದಾಟಬಾರದು. ಅಕ್ಕಿ, ಬೇಳೆ, ಕಾಳುಗಳನ್ನು ನೇರವಾಗಿ ಕುಕ್ಕರಿಗೇ ಹಾಕುವುದಾದರೆ ನೀರೂ ಸೇರಿ ಅರ್ಧಕ್ಕೇ ನಿಲ್ಲಿಸಿ. ತುಂಬ ನೊರೆಯುವ ಬೇಳೆಗೆ ಮೂರನೇ ಒಂದು ಭಾಗವಾದರೆ ಇನ್ನೂ ಕ್ಷೇಮ. ಕಣ್ಣಂದಾಜು ಇಲ್ಲಿ ಮೋಸ ಮಾಡುತ್ತದೆ. ಒಂದು ಲೀಟರಿನ ನೀರಿನ ಬಾಟಲಿಯಿಂದ ಒಂದು ಸಲ ಅಳೆದು ಹಾಕಿ, ಎರಡೂವರೆ ಲೀಟರ್ ನೀರು ಒಳಗಿನ ಯಾವ ಗುರುತಿಗೆ ಬರುತ್ತದೆ, ಹಿಡಿಯ ಮೊಳೆಗೆ ಎಷ್ಟು ಬೆರಳು ಕೆಳಗಿದೆ ಎಂದು ನೋಡಿಟ್ಟುಕೊಳ್ಳಿ. ಆಮೇಲೆ ಜನ್ಮಕ್ಕೂ ಅಳೆಯಬೇಕಾಗಿಲ್ಲ.

ತೊಗರಿಬೇಳೆ ಕುದಿಯುವಾಗ ಪಿಷ್ಟ, ಪ್ರೋಟೀನು ನೀರಿಗೆ ಬಿಟ್ಟು ದಪ್ಪ ನೊರೆ ಏಳುತ್ತದೆ. ಜಾಗ ಸಾಲದಿದ್ದರೆ ಅದು ಕೊಳವೆಗೇರಿ ಅಲ್ಲಿ ಒಣಗುತ್ತದೆ. ಬೇಳೆಯನ್ನು ಮೂರ್ನಾಲ್ಕು ನೀರಿನಲ್ಲಿ ತೊಳೆದು, ಮುಚ್ಚಳ ಹಾಕುವ ಮುನ್ನ ತೆರೆದೇ ಒಂದು ಕುದಿ ಬರಿಸಿ ನೊರೆ ತೆಗೆದು, ಒಂದು ಚಮಚ ಎಣ್ಣೆ ಬಿಟ್ಟರೆ ನೊರೆ ಬಹುಪಾಲು ಅಡಗುತ್ತದೆ. ಅರಿಶಿನದ ಜೊತೆ ಎಣ್ಣೆ ಹಾಕುವ ರೂಢಿ ಬರಿಯ ಬಣ್ಣ-ಘಮಕ್ಕಲ್ಲ. ಬೇಗ ಬೇಯಲೆಂದು ಸೋಡಾಪುಡಿ ಹಾಕುವುದು ಮಾತ್ರ ಬೇಡ, ಅಲ್ಯೂಮಿನಿಯಂ ಕಪ್ಪಾಗುವುದೂ ಅದರಿಂದಲೇ.

ಕೊಳವೆ ಕಟ್ಟುವುದು ನೊರೆಯಿಂದ ಮಾತ್ರವಲ್ಲ. ದಂಟಿನ ಸೊಪ್ಪು, ಪಾಲಕ್, ಕರಿಬೇವಿನ ಎಲೆ ಮೇಲೆದ್ದು ಮುಚ್ಚಳದ ಒಳಮೈಗೆ ಅಂಟಿದರೆ ಒಂದೇ ಎಲೆ ಸಾಕು. ಟೊಮೆಟೊ ಸಿಪ್ಪೆ, ಹುರುಳಿ ಮತ್ತು ಅವರೆಯ ಹೊಟ್ಟು, ಸಬ್ಬಕ್ಕಿಯ ಅಂಟು ಕೂಡ ಇದೇ ಜಾತಿ. ಸೊಪ್ಪನ್ನು ತೆರೆದ ಪಾತ್ರೆಯಲ್ಲೇ ಬೇಯಿಸಿ. ಹೇಗೂ ಐದು ನಿಮಿಷದ ಕೆಲಸ. ಬೇಳೆಯ ಜೊತೆಗೇ ಬೇಯಬೇಕೆಂದರೆ ಮುಚ್ಚಿದ ಡಬ್ಬಿಯಲ್ಲಿಡಿ.

ಬಿಸಿಬೇಳೆಬಾತನ್ನು ಎಲ್ಲ ಸೇರಿಸಿ ಒಂದೇ ಸಲ ಕುಕ್ಕರಿಗೆ ಹಾಕುವವರಿಗೆ ಒಂದು ಮಾತು. ಗಟ್ಟಿಯಾದ ಅಡುಗೆಯಲ್ಲಿ ನೀರು ಓಡಾಡುವುದಿಲ್ಲ, ತಳ ಸೀಯುತ್ತದೆ, ಮೇಲೆ ನೊರೆ ಏಳುತ್ತದೆ, ಎರಡೂ ಕೆಟ್ಟದ್ದು. ಅಕ್ಕಿ, ಬೇಳೆ, ತರಕಾರಿ ನೀರಾಗಿ ಬೇಯಲಿ. ಹುಣಸೆರಸ, ಪುಡಿ, ಬೆಲ್ಲ ಮುಚ್ಚಳ ತೆಗೆದ ಮೇಲೆ ಹಾಕಿ ಕುದಿಸಿ. ಹುಳಿ ಮೊದಲೇ ಬಿದ್ದರೆ ಬೇಳೆ ಬೇಯುವುದೂ ತಡ.

ಡಬ್ಬಿಗಳಲ್ಲಿ ಇಡುವ ಕ್ರಮ

ಹೆಚ್ಚಿನ ಮನೆಗಳಲ್ಲಿ ಅನ್ನ, ಬೇಳೆ ಬೇಯುವುದು ಕುಕ್ಕರಿನೊಳಗಿನ ಡಬ್ಬಿಗಳಲ್ಲಿ. ಕೊಳವೆ ಕಟ್ಟುವ ಭಯ ಇದರಲ್ಲಿ ಬಹಳ ಕಡಿಮೆ.

1. ತಳಕ್ಕೆ ಜಾಲರಿ ತಟ್ಟೆ ಹಾಕಿ ಎರಡು ದೊಡ್ಡ ಲೋಟ, ಅಂದರೆ 400ರಿಂದ 500 ಮಿಲಿಲೀಟರ್ ನೀರು ಹಾಕಿ. ಅರ್ಧ ಗಂಟೆ ಬೇಯುವ ಕಾಳಾದರೆ ಇನ್ನೊಂದು ಲೋಟ ಹೆಚ್ಚಿಗೆ. ಹುಣಸೆಯ ಚೂರೋ ಹಿಂಡಿದ ನಿಂಬೆ ಹೋಳೋ ಆ ನೀರಿಗೆ ಬಿದ್ದರೆ ಅಲ್ಯೂಮಿನಿಯಂ ತಳ ಕಪ್ಪಾಗುವುದಿಲ್ಲ.
2. ಬೇಳೆಯ ಡಬ್ಬಿ ಕೆಳಗೆ, ಅನ್ನದ್ದು ಮೇಲೆ. ಒಂದು ಲೋಟ ತೊಗರಿಬೇಳೆಗೆ ಮೂರು ಲೋಟ ನೀರು. ಹಳೆಯ ಸೋನಾ ಮಸೂರಿಗೆ ಎರಡೂವರೆ, ಹೊಸ ಅಕ್ಕಿಗೆ ಎರಡು. ಬೇಳೆಯ ಡಬ್ಬಿ ಅರ್ಧಕ್ಕಿಂತ ಹೆಚ್ಚು ತುಂಬಬಾರದು.
3. ಮೇಲಿನ ಡಬ್ಬಿಗೆ ತಟ್ಟೆ ಮುಚ್ಚಿ. ಆ ತಟ್ಟೆಗೂ ಕುಕ್ಕರಿನ ಮುಚ್ಚಳಕ್ಕೂ ನಡುವೆ ಕನಿಷ್ಠ ಎರಡು ಬೆರಳಿನ ಜಾಗ ಬೇಕು. ತಟ್ಟೆ ಕೊಳವೆಗೆ ತಾಗಿದರೆ ಅದೇ ಬಿರಡೆಯಾಗುತ್ತದೆ.

ಒಲೆಯ ಮೇಲೆ

ಮುಚ್ಚಳ ಹಾಕಿ, ಎರಡು ಹಿಡಿಗಳೂ ಒಂದರ ಮೇಲೊಂದು ನೇರ ಬರುವ ತನಕ ತಿರುಗಿಸಿ. ಅರ್ಧಕ್ಕೆ ನಿಂತ ಮುಚ್ಚಳದ ಮೇಲೆ ಒತ್ತಡ ಏರಬಾರದು. ವೆಯ್ಟ್ ಈಗಲೇ ಹಾಕಬೇಡಿ.

ಉರಿ ಪೂರ್ತಿ ಇರಲಿ, ಆದರೆ ಜ್ವಾಲೆ ತಳದಾಚೆಗೆ ಹರಡಬಾರದು. ಹಿಡಿ ಸುಡುತ್ತದೆ, ಗ್ಯಾಸ್ಕೆಟ್ ಒಣಗುತ್ತದೆ, ಗ್ಯಾಸೂ ದಂಡ. ನಾಲ್ಕರಿಂದ ಎಂಟು ನಿಮಿಷದಲ್ಲಿ ಕೊಳವೆಯಿಂದ ಆವಿ ಬರತೊಡಗುತ್ತದೆ. ಮೊದಲು ಬಿಟ್ಟುಬಿಟ್ಟು ಬರುವ ಆವಿ, ಆಮೇಲೆ ಸುಯ್ ಎಂದು ನೇರವಾಗಿ ಒಂದೇ ಸಮನೆ ಬರುತ್ತದೆ. ಅರ್ಧ ನಿಮಿಷ ಹಾಗೆ ಬಂದ ಮೇಲೆ ವೆಯ್ಟ್ ಹಾಕಿ. ಕೈಯನ್ನು ಕೊಳವೆಯ ಮೇಲೆ ತರದೆ ಪಕ್ಕದಿಂದ ಇಡಿ. ಅಜ್ಜಿಯಂದಿರು ಇದನ್ನೇ ಮಾಡುತ್ತಿದ್ದರು. ಈಗ ಮುಚ್ಚಳದ ಜೊತೆಗೇ ವೆಯ್ಟ್ ಏರಿಸಿ ಫೋನ್ ಹಿಡಿಯುವುದು ಅಭ್ಯಾಸವಾಗಿದೆ. ಹಳೆಯ ಪದ್ಧತಿಯಲ್ಲಿ ಎರಡು ಲಾಭ. ಕೊಳವೆ ತೆರೆದಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಜೊತೆಗೆ ಒಳಗಿನ ಗಾಳಿ ಹೊರಹೋಗುತ್ತದೆ. ಗಾಳಿ ಉಳಿದರೆ ಒತ್ತಡ ಅಷ್ಟೇ ಇದ್ದರೂ ಶಾಖ ಅಷ್ಟು ಏರುವುದಿಲ್ಲ.

ಮೊದಲ ಕೂಗಾದ ಕೂಡಲೇ ಉರಿ ಸಣ್ಣ ಮಾಡಿ. ಇಲ್ಲಿಂದ ಗಡಿಯಾರ ನೋಡಬೇಕು, ಕೂಗು ಎಣಿಸಬಾರದು. ದೊಡ್ಡ ಉರಿಯಲ್ಲಿ ಅರ್ಧ ನಿಮಿಷಕ್ಕೊಂದು ಕೂಗು ಬಂದರೆ ಮೂರು ಕೂಗು ಎರಡು ನಿಮಿಷದೊಳಗೆ ಮುಗಿಯುತ್ತದೆ. ಸಣ್ಣ ಉರಿಯಲ್ಲಿ ಅದೇ ಮೂರು ಕೂಗಿಗೆ ಹನ್ನೆರಡು ನಿಮಿಷ ಹಿಡಿಯಬಹುದು. ‘ಮೂರು ಕೂಗು ಕೂಗಿಸಿದೆ, ಬೇಳೆ ಬೆಂದಿಲ್ಲ’ ಎಂಬ ದೂರಿಗೆ ಕಾರಣ ಬೇಳೆಯಲ್ಲ. ಕೂಗು ಎಂದರೆ ವ್ಯರ್ಥವಾಗಿ ಹೊರಹೋದ ಆವಿ. ಬೇಯಿಸುವುದು ಒಳಗೆ ನಿಂತ ಆವಿ.

ಮೊದಲ ಕೂಗಿನ ನಂತರ ಸಣ್ಣ ಉರಿಯಲ್ಲಿ ಅನ್ನಕ್ಕೆ 4-5 ನಿಮಿಷ. ಕುಚ್ಚಲಕ್ಕಿಯ ಕಾಲ ತಳಿಯಂತೆ ಬದಲಾಗುತ್ತದೆ, 15 ನಿಮಿಷದಿಂದ ಶುರು ಮಾಡಿ ನೋಡಿ. ತೊಗರಿಬೇಳೆಗೆ 8-10, ಇಡಿ ಆಲೂಗಡ್ಡೆಗೆ 8-10, ರಾತ್ರಿ ನೆನೆಸಿದ ಕಡಲೆಕಾಳಿಗೆ 15-20, ಎಳೆಯ ಮಟನ್ನಿಗೆ 15-20. ಬೋರ್‌ವೆಲ್ಲಿನ ಗಡಸು ನೀರಾದರೆ ಈ ಲೆಕ್ಕ ಕೆಡುತ್ತದೆ, ಅದರ ಕ್ಯಾಲ್ಸಿಯಂ, ಮೆಗ್ನೀಷಿಯಂ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಅಂಥ ಮನೆಯವರು ಕೂಗು ಹೆಚ್ಚಿಸುವ ಬದಲು ಬೇಳೆಗೆ ಮಾತ್ರ ಕುಡಿಯುವ ಫಿಲ್ಟರ್ ನೀರು ಬಳಸಿ ನೋಡಿ.

ಇಂಡಕ್ಷನ್ ಒಲೆಯಲ್ಲಿ ಶಾಖ ಬಹಳ ಬೇಗ ಏರುತ್ತದೆ. ಮಧ್ಯಮ ಪವರಿನಲ್ಲಿ ಶುರು ಮಾಡಿ, ಕೂಗಿದ ಕೂಡಲೇ ಕನಿಷ್ಠಕ್ಕೆ ಇಳಿಸಿ. ತಳಕ್ಕೆ ಅಯಸ್ಕಾಂತ ಅಂಟದ ಕುಕ್ಕರ್ ಅದರ ಮೇಲೆ ಕಾಯುವುದೇ ಇಲ್ಲ.

ಕುಕ್ಕರ್ ಒಲೆಯ ಮೇಲಿರುವಾಗ ಸ್ನಾನಕ್ಕೆ ಹೋಗುವುದು, ಮಗುವನ್ನು ಬಸ್ಸಿಗೆ ಬಿಟ್ಟುಬರುವುದು ಬೇಡ.

ತೆರೆಯುವುದು

ಒಲೆ ಆರಿಸಿ ಹಾಗೇ ಬಿಡಿ. ಹತ್ತು ಹದಿನೈದು ನಿಮಿಷದಲ್ಲಿ ಒತ್ತಡ ತಾನಾಗಿ ಇಳಿಯುತ್ತದೆ. ಅನ್ನ, ಬೇಳೆ, ಕಾಳಿಗೆಲ್ಲ ಇದೇ ಸರಿ, ಆ ಹೊತ್ತಿನಲ್ಲೂ ಅವು ಬೇಯುತ್ತಿರುತ್ತವೆ.

ಆಮೇಲೆ ಚಮಚದ ತುದಿಯಿಂದ ವೆಯ್ಟನ್ನು ಸ್ವಲ್ಪ ಎತ್ತಿ. ಆವಿ ಬಂದರೆ ಇನ್ನೂ ಕಾಯಬೇಕು. ಬರದಿದ್ದರೆ ಮುಚ್ಚಳ ತೆಗೆಯಬಹುದು ಎಂದೇ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಆವಿ ಬರದಿರುವುದಕ್ಕೆ ಎರಡು ಕಾರಣ ಇರಬಹುದು: ಒಳಗೆ ಒತ್ತಡ ಇಲ್ಲ, ಅಥವಾ ಕೊಳವೆ ಕಟ್ಟಿದೆ. ಹೊರಗಿನಿಂದ ಎರಡೂ ಒಂದೇ ತರಹದ ಮೌನ. ಆದ್ದರಿಂದ ನೆನಪು ಮಾಡಿಕೊಳ್ಳಿ, ಈ ಹೊತ್ತು ಕುಕ್ಕರ್ ಎಂದಿನಂತೆ ಕೂಗಿತ್ತೇ? ಕೂಗಿದ್ದರೆ, ಹತ್ತು ನಿಮಿಷ ಆಗಿದ್ದರೆ, ವೆಯ್ಟ್ ಎತ್ತಿದಾಗ ಕೊನೆಯ ಉಸಿರಿನಷ್ಟು ಆವಿ ಬಂದು ನಿಂತಿದ್ದರೆ ನಿಶ್ಚಿಂತೆ. ಒಂದು ಕೂಗೂ ಕೂಗದೆ, ಒಲೆ ಆರಿಸಿದ ಎರಡನೇ ನಿಮಿಷದಲ್ಲೇ ವೆಯ್ಟ್ ಎತ್ತಿದರೆ ಸದ್ದೇ ಇಲ್ಲ ಎಂದಾದರೆ ಕೊಳವೆ ಕಟ್ಟಿದೆ ಎಂದೇ ತಿಳಿಯಿರಿ. ಮುಟ್ಟಬೇಡಿ, ಅಲುಗಿಸಬೇಡಿ, ಮುಕ್ಕಾಲು ಗಂಟೆ ಬಿಡಿ. ಪಾತ್ರೆಯ ಮೈ ಕೈ ಇಡುವಷ್ಟು ತಣ್ಣಗಾದ ಮೇಲೆ ನೋಡಿ.

ಕೊನೆಯ ಪರೀಕ್ಷೆ ಕೈಯದ್ದು. ಹೊರಮುಚ್ಚಳ ಸಲೀಸಾಗಿ ತಿರುಗಬೇಕು, ಒಳಮುಚ್ಚಳ ತಾನಾಗಿ ಸಡಿಲಾಗಿ ಇಳಿಯಬೇಕು. ಬಲ ಹಾಕಬೇಕಾಗಿ ಬಂದರೆ ನಿಲ್ಲಿಸಿ. ಸೌಟಿನ ಹಿಡಿಯಿಂದ ಹೊಡೆದು ತಿರುಗಿಸುವುದು, ಗಂಡಸರನ್ನು ಕರೆದು ‘ಸ್ವಲ್ಪ ಜೋರಾಗಿ ತಿರುಗಿಸಿ’ ಎನ್ನುವುದು ಆ 300 ಕಿಲೋವನ್ನು ಮೈಮೇಲೆ ಎಳೆದುಕೊಂಡಂತೆ. ತೆಗೆಯುವಾಗ ಮುಚ್ಚಳದ ದೂರದ ಅಂಚು ಮೊದಲು ಏಳುವಂತೆ ನಿಮ್ಮ ಕಡೆಗೆ ಓರೆ ಮಾಡಿ. ಆವಿ ಆಚೆ ಹೋಗುತ್ತದೆ, ಮುಚ್ಚಳವೇ ಮುಖಕ್ಕೆ ಮರೆ.

ಅವಸರವಿದ್ದರೆ ಕುಕ್ಕರಿನ ಮುಚ್ಚಳದ ಅಂಚಿಗೆ ನಲ್ಲಿಯ ನೀರನ್ನು ಸಣ್ಣಗೆ ಬಿಟ್ಟು ತಣಿಸಬಹುದು. ಕೊಳವೆ, ವಾಲ್ವುಗಳ ಮೇಲೆ ನೀರು ಬೀಳಬಾರದು. ತರಕಾರಿ, ಆಲೂಗಡ್ಡೆಗೆ ಇದು ಸರಿ. ಬೇಳೆಯಂಥ ನೊರೆಯ ಅಡುಗೆಗೆ ಬೇಡ, ಒತ್ತಡ ಥಟ್ಟನೆ ಇಳಿದಾಗ ಒಳಗೆ ಎಲ್ಲವೂ ಉಕ್ಕುತ್ತದೆ. ವೆಯ್ಟನ್ನು ಒಮ್ಮೆಗೇ ಕಿತ್ತರೂ ಇದೇ ಪಾಡು, ಹಳದಿ ಬೇಳೆಕಟ್ಟು ಚಿಲುಮೆಯಂತೆ ಚಿಮ್ಮುತ್ತದೆ. ಇನ್ನು, ಪೂರ್ತಿ ತಣ್ಣಗಾದ ಮೇಲೂ ಮುಚ್ಚಳ ಬಿಗಿದಿದ್ದರೆ ಒಳಗೆ ನಿರ್ವಾತ ಆಗಿರುತ್ತದೆ. ವೆಯ್ಟ್ ತೆಗೆದರೆ ಗಾಳಿ ಒಳಹೊಕ್ಕು ಬಿಡುತ್ತದೆ.

ಏನಾದರೂ ಕೆಟ್ಟರೆ

ಕಾಲು ಗಂಟೆಯಾದರೂ ಕೂಗಿಲ್ಲ. ಮುಚ್ಚಳದ ಸುತ್ತ ನೋಡಿ. ಪಕ್ಕದಿಂದ ಆವಿಯೋ ನೀರೋ ಇಳಿಯುತ್ತಿದ್ದರೆ ಸೋರಿಕೆ. ಅದು ಸ್ಫೋಟದ ಅಪಾಯವಲ್ಲ, ಆದರೆ ನೀರು ಆರಿ ತಳ ಸೀಯುತ್ತದೆ. ಆರಿಸಿ, ತಣಿಸಿ, ಗ್ಯಾಸ್ಕೆಟ್ ನೋಡಿ. ಎಲ್ಲಿಂದಲೂ ಆವಿ ಇಲ್ಲದಿದ್ದರೆ ಒಲೆ ಆರಿಸಿ ದೂರ ಸರಿಯಿರಿ. ಒಲೆಯ ಹತ್ತಿರ ಹೋಗಲು ಧೈರ್ಯ ಸಾಲದಿದ್ದರೆ ಸಿಲಿಂಡರಿನ ರೆಗ್ಯುಲೇಟರಿನಲ್ಲೇ ಆರಿಸಿ.

ಹೊಸ ಗ್ಯಾಸ್ಕೆಟ್ ಹಾಕಿದರೂ ಸೋರುತ್ತಿದೆ. ಬಾಯಂಚು ನೆಗ್ಗಿರುತ್ತದೆ. ಸಾರು ಕಲಕಿದ ಸೌಟನ್ನು ಅಂಚಿಗೆ ಟಕಟಕ ಬಡಿದು ಕೊಡವುವ ಅಭ್ಯಾಸವೇ ಇದಕ್ಕೆ ಕಾರಣ. ಅಂಚಿನ ಮೇಲೆ ಬೆರಳಾಡಿಸಿದರೆ ಗೊತ್ತಾಗುತ್ತದೆ. ಅಂಗೈಗೆ ಬಡಿದು ಕೊಡವಿಕೊಳ್ಳಿ, ಅಂಚಿಗಲ್ಲ.

ವೆಯ್ಟಿನಿಂದ ಹಳದಿ ನೀರು ಉಗುಳುತ್ತಿದೆ. ಹೆಚ್ಚು ತುಂಬಿದೆ, ಅಥವಾ ಉರಿ ದೊಡ್ಡದು. ಉರಿ ತಗ್ಗಿಸಿ. ನಿಲ್ಲದಿದ್ದರೆ ಆರಿಸಿ, ತಾನಾಗಿ ತಣಿದ ಮೇಲೆ ಅರ್ಧ ಬೇರೆ ಪಾತ್ರೆಗೆ ತೆಗೆಯಿರಿ. ಆಮೇಲೆ ಕೊಳವೆ, ವೆಯ್ಟ್ ತೊಳೆಯದೆ ಮತ್ತೆ ಇಡಬೇಡಿ.

ಸೇಫ್ಟಿ ವಾಲ್ವ್ ಹೋಯಿತು. ಭೋರೆಂದು ನಿಲ್ಲದೆ ಆವಿ ಬರುತ್ತದೆ. ಗಾಬರಿ ಸಹಜ, ಆದರೆ ಇಲ್ಲಿ ಕುಕ್ಕರ್ ಮನೆಯವರನ್ನು ಉಳಿಸಿದೆ. ಒಲೆ ಆರಿಸಿ, ಪೂರ್ತಿ ನಿಂತ ಮೇಲೆ ಒಳಗೆ ನೀರಿದೆಯೇ ನೋಡಿ. ನೀರು ಆರಿದ್ದರೆ ಕಾರಣ ಅದೇ. ನೀರಿದ್ದರೆ ಕೊಳವೆ ಕಟ್ಟಿತ್ತು. ಕಾರಣ ಹುಡುಕದೆ ಹೊಸ ವಾಲ್ವ್ ಹಾಕಿದರೆ ಅದೂ ವಾರದಲ್ಲಿ ಹೋಗುತ್ತದೆ. ಆ ತೂತನ್ನು ಎಂ-ಸೀಲ್, ಬೋಲ್ಟು, ಬೆಸುಗೆಯಿಂದ ಮುಚ್ಚಿದರೆ ಎರಡನೇ ಕಾವಲುಗಾರನನ್ನೂ ಕಟ್ಟಿಹಾಕಿದಂತೆ.

ನೀರಿಲ್ಲದೆ ಕಾದುಹೋಯಿತು. ತಣ್ಣೀರು ಸುರಿಯಬೇಡಿ, ಹಾಗೇ ತಣಿಯಲಿ. ತಳ ಉಬ್ಬಿದ್ದರೆ, ಸಮತಟ್ಟಾದ ಕಲ್ಲಿನ ಮೇಲಿಟ್ಟಾಗ ತೂಗಾಡಿದರೆ ಅದನ್ನು ಮತ್ತೆ ಒತ್ತಡಕ್ಕೆ ಬಳಸಬಾರದು.

ಕುಕ್ಕರಿನಲ್ಲಿ ಮಾಡಬಾರದ್ದು

ಮುಚ್ಚಳ ಹಾಕಿ ಎಣ್ಣೆಯಲ್ಲಿ ಕರಿಯುವುದು ಎಲ್ಲಕ್ಕಿಂತ ಅಪಾಯ. ಒಗ್ಗರಣೆ ಹಾಕಿ ಹುರಿದ ಮೇಲೆ ನೀರು ಬೆರೆಸಿ ಮುಚ್ಚುವುದು ಬೇರೆ, ಅದಕ್ಕೇನೂ ಅಡ್ಡಿಯಿಲ್ಲ. ಹಾಲನ್ನು ಒತ್ತಡದಲ್ಲಿ ಕಾಯಿಸಬೇಡಿ. ಖಾಲಿ ಕುಕ್ಕರಿಗೆ ಉಪ್ಪು ಸುರಿದು ಕೇಕ್ ಬೇಯಿಸುವ ವಿಡಿಯೋಗಳು ಬೇಕಾದಷ್ಟಿವೆ. ನೀರಿಲ್ಲದೆ ಮುಕ್ಕಾಲು ಗಂಟೆ ಕಾದ ಅಲ್ಯೂಮಿನಿಯಂ ಸೊರಗುತ್ತದೆ, ಸೇಫ್ಟಿ ವಾಲ್ವೂ ಕರಗಬಹುದು. ಕೇಕಿಗೆ ದಪ್ಪ ತಳದ ಹಳೆಯ ಪಾತ್ರೆ ಇಟ್ಟುಕೊಳ್ಳಿ. ಇಡ್ಲಿ, ಕಡುಬನ್ನು ಕುಕ್ಕರಿನಲ್ಲಿ ಬೇಯಿಸುವುದಾದರೆ ವೆಯ್ಟ್ ಹಾಕುವುದೇ ಇಲ್ಲ, ಆವಿ ಬಂದ ಮೇಲೆ ಹತ್ತು ಹನ್ನೆರಡು ನಿಮಿಷ.

ತೊಳೆದ ಮೇಲೆ ಗ್ಯಾಸ್ಕೆಟ್ ಬಿಚ್ಚಿ ಒಣಗಿಸಿ. ಮುಚ್ಚಳ ಬಿಗಿದು ಇಡಬೇಡಿ, ಬೋರಲು ಹಾಕಿಡಿ. ಹಿಡಿಯ ಸ್ಕ್ರೂ ತಿಂಗಳಿಗೊಮ್ಮೆ ಬಿಗಿ ಮಾಡಿ.

ಕೊಳ್ಳುವಾಗ, ರಿಪೇರಿಗೆ ಕೊಡುವಾಗ

ಭಾರತದಲ್ಲಿ ಮನೆಬಳಕೆಯ ಪ್ರೆಷರ್ ಕುಕ್ಕರಿಗೆ ಐಎಸ್ 2347 ಎಂಬ ಮಾನದಂಡವಿದೆ. 2021ರ ಫೆಬ್ರುವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಗುರುತಿನ ಜೊತೆಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಈ ಗುರುತು ಕೊಡುವ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿ ನೋಡಿದರೆ ಯಾರ ಹೆಸರಿನದು ಎಂದು ಗೊತ್ತಾಗುತ್ತದೆ. ನಾಲ್ಕು ಜನರ ಮನೆಗೆ ಡಬ್ಬಿ ಇಡುವ 5 ಲೀಟರಿನದು ಒಂದು, ಬೇಳೆ-ಪಲ್ಯಕ್ಕೆ 3 ಲೀಟರಿನದು ಒಂದು ಇದ್ದರೆ ತುಂಬಿಸುವ ಆಸೆ ತಾನಾಗಿ ಕಡಿಮೆಯಾಗುತ್ತದೆ.

ಬೀದಿಯಲ್ಲಿ ‘ಕುಕ್ಕರ್ ರಿಪೇರಿ, ಸ್ಟವ್ ರಿಪೇರಿ’ ಎಂದು ಕೂಗಿಕೊಂಡು ಬರುವವರ ಹತ್ತಿರ ಹಿಡಿ ಬಿಗಿ ಮಾಡಿಸಿಕೊಳ್ಳಿ, ತೊಂದರೆಯಿಲ್ಲ. ಗ್ಯಾಸ್ಕೆಟ್, ವೆಯ್ಟ್, ಸೇಫ್ಟಿ ವಾಲ್ವ್ ಮಾತ್ರ ಅದೇ ಕಂಪನಿಯ, ಅದೇ ಮಾಡೆಲಿನದೇ ಬೇಕು. ಅಂಗಡಿಗೆ ಹೋಗುವಾಗ ಹಳೆಯ ಭಾಗವನ್ನು ಕೈಯಲ್ಲಿ ಹಿಡಿದೇ ಹೋಗಿ, ಐದು ಲೀಟರಿನದು ಎಂದಷ್ಟೇ ಹೇಳಿದರೆ ಸಾಲದು, ಒಳಮುಚ್ಚಳವೋ ಹೊರಮುಚ್ಚಳವೋ ಎಂಬುದೂ ಬೇಕು.

ಮೈ ಸುಟ್ಟರೆ

ಬಳೆ, ಉಂಗುರ, ಗಡಿಯಾರವನ್ನು ಊದಿಕೊಳ್ಳುವ ಮುಂಚೆ ತೆಗೆಯಿರಿ. ಸುಟ್ಟ ಜಾಗವನ್ನು ಹರಿಯುವ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ, ಎರಡು ನಿಮಿಷ ಸಾಲದು. ಬಿಸಿ ಬೇಳೆ ಬಿದ್ದ ಬಟ್ಟೆಯನ್ನು ಕೂಡಲೇ ಬಿಚ್ಚಿ. ಚರ್ಮಕ್ಕೆ ಅಂಟಿದ್ದರೆ ಎಳೆಯದೆ ಸುತ್ತ ಕತ್ತರಿಸಿ. ಮಂಜುಗಡ್ಡೆ, ಟೂತ್‌ಪೇಸ್ಟ್, ತುಪ್ಪ, ಅರಿಶಿನ, ಕಾಫಿಪುಡಿ, ಯಾವುದೂ ಬೇಡ. ಆಸ್ಪತ್ರೆಯಲ್ಲಿ ಅದನ್ನೆಲ್ಲ ಉಜ್ಜಿ ತೆಗೆಯುವ ನೋವೇ ಹೆಚ್ಚು. ಬೊಬ್ಬೆ ಒಡೆಯಬೇಡಿ, ಒಗೆದ ಹತ್ತಿಬಟ್ಟೆಯನ್ನು ಸಡಿಲವಾಗಿ ಮುಚ್ಚಿ. ಮುಖ, ಕಣ್ಣು, ಕೀಲು ಸುಟ್ಟಿದ್ದರೆ, ಅಂಗೈಯಗಲಕ್ಕಿಂತ ದೊಡ್ಡ ಗಾಯವಾದರೆ, ಸುಟ್ಟದ್ದು ಮಗುವಿಗೋ ವಯಸ್ಸಾದವರಿಗೋ ಆದರೆ 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವ ತನಕ ನೀರು ಹರಿಯುತ್ತಲೇ ಇರಲಿ.